ಹಳೆಯ ಮೋಟರ್‌ಹೋಮಿನ ಚಾವಣಿಗೆ ಹೊಸ ಎ.ಸಿ.

ಒಳಗೆ ಮನೆಯಂತೆ ವಾಸಿಸಬಹುದಾದ ವಾಹನ ಮೋಟರ್‌ಹೋಮ್. ಅದರ ಎ.ಸಿ. ಕೆಟ್ಟರೆ ಚಾವಣಿಯ ಮೇಲಿನ ಯಂತ್ರವನ್ನು ಬದಲಾಯಿಸಿದರೆ ಸಾಕು ಎಂದು ಬಹಳ ಜನ ನಂಬುತ್ತಾರೆ. ಅದು ಅರ್ಧ ಕೆಲಸ. ಉಳಿದರ್ಧ ಒಳಗಿನ ಸೀಲಿಂಗ್‌ನ ಹಿಂದೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿದೆ. ಈ ವರ್ಷದ ವಸಂತದಲ್ಲಿ ನಮ್ಮ ಹಳೆಯ ವಾಹನದ ಎರಡು ಎ.ಸಿ.ಗಳನ್ನು ಅಪ್ಪನ ಜೊತೆ ಸೇರಿ ಬದಲಾಯಿಸಿದ ಮೇಲೆ ನನಗೆ ಈ ಮಾತು ಗಟ್ಟಿಯಾಗಿ ಹೇಳಬೇಕೆನಿಸಿದೆ.

ನಾವಿರುವುದು ಅಮೆರಿಕದ ಅರಿಜೋನಾ ರಾಜ್ಯದ ಚ್ಯಾಂಡ್ಲರ್‌ನಲ್ಲಿ, ಫೀನಿಕ್ಸ್‌ಗೆ ಅಂಟಿಕೊಂಡ ಊರು. 2023ರಲ್ಲಿ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಫೀನಿಕ್ಸ್‌ನಲ್ಲಿ ಸತತ 31 ದಿನ ಗರಿಷ್ಠ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿತ್ತು. ಸೆಲ್ಸಿಯಸ್‌ನಲ್ಲಿ ಅದು 43ಕ್ಕೂ ಮೇಲೆ. ರಾಯಚೂರು, ಬಳ್ಳಾರಿಯ ಬಸ್ ಡಿಪೊಗಳಲ್ಲಿ ಬದುಕಿನ ಬಹುಪಾಲು ಕಳೆದ ಅಪ್ಪನಿಗೆ ಬಿಸಿಲು ಹೊಸದಲ್ಲ. ಆದರೆ ರಾತ್ರಿ ಹತ್ತಾದರೂ ಗೋಡೆ ಕಾದೇ ಇರುವುದನ್ನು ಮುಟ್ಟಿ ನೋಡಿ, "ಇಲ್ಲಿ ಎ.ಸಿ. ಇಲ್ಲದೆ ಮನುಷ್ಯ ಬದುಕುವುದು ಸಾಧ್ಯವಿಲ್ಲ ತಮ್ಮಾ" ಎಂದಿದ್ದರು.

ನಮ್ಮ ಮೋಟರ್‌ಹೋಮ್ 2002ರ ಮಾದರಿ, 34 ಅಡಿ ಉದ್ದ, ಫೋರ್ಡ್ ಚಾಸಿಸ್, ವಿ-10 ಪೆಟ್ರೋಲ್ ಎಂಜಿನ್. ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮುಂದಿನ ಕೂಡುವ ಕೋಣೆಯ ಮೇಲೊಂದು, ಹಿಂದಿನ ಮಲಗುವ ಕೋಣೆಯ ಮೇಲೊಂದು ಎ.ಸಿ. ಎರಡೂ ಗಂಟೆಗೆ 13,500 ಬಿ.ಟಿ.ಯು. (ಶಾಖ ಅಳೆಯುವ ಮಾನ) ಸಾಮರ್ಥ್ಯದವು. ನಮ್ಮೂರಿನ ಅಂಗಡಿಯ ಲೆಕ್ಕದಲ್ಲಿ ಒಂದು ಟನ್ ಎಂದರೆ ಗಂಟೆಗೆ 12,000 ಬಿ.ಟಿ.ಯು.; ಹಾಗಾಗಿ ಇವು ತಲಾ ಒಂದು ಟನ್ನಿಗಿಂತ ತುಸು ಹೆಚ್ಚು. ಮನೆಯ ಕೋಣೆಗೆ ಅಷ್ಟು ಧಾರಾಳ. ಆದರೆ ವಾಹನದ ಗೋಡೆ ತೆಳು, ಮುಂದೆ ಇಡೀ ಅಗಲಕ್ಕೆ ಗಾಜು, ಮೇಲೆ ಸದಾ ಸೂರ್ಯ.

ಕಳೆದ ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದಿಂದ ಹಿಂದಿರುಗುವಾಗ, ಕೊಲರಾಡೊ ನದಿಯ ದಡದ ನೀಡಲ್ಸ್ ಊರಿನ ಹತ್ತಿರ ಮುಂದಿನ ಎ.ಸಿ. ನಿಂತುಹೋಯಿತು. ಕಂಪ್ರೆಸರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ, ಬ್ರೇಕರ್ ಬೀಳುತ್ತದೆ. ಹಿಂದಿನದು ನಡೆಯುತ್ತಿದ್ದರೂ ಅದರ ಗಾಳಿ ಬರೀ ಫ್ಯಾನಿನ ಗಾಳಿಯಂತಿತ್ತು. ಅಮ್ಮನಿಗೆ ರಕ್ತದೊತ್ತಡವಿದೆ. ಒದ್ದೆ ಟವಲನ್ನು ಕುತ್ತಿಗೆಗೆ ಸುತ್ತಿಕೊಂಡು ಅವರು ಒಂದು ಮಾತೂ ಆಡದೆ ಕುಳಿತಿದ್ದರು. ಆ ಮೌನ ನನ್ನನ್ನು ಹೆದರಿಸಿತು. ಸಿಕ್ಕ ಮೊದಲ ಮೋಟೆಲ್‌ನಲ್ಲಿ ಉಳಿದು, ಬೆಳಗಿನ ಜಾವ ಮೂರಕ್ಕೆ ಎದ್ದು ಮನೆ ಸೇರಿದೆವು.

ಮನೆಗೆ ಬಂದ ಮೇಲೆ ಮೊದಲು ಕಂಪ್ರೆಸರ್‌ಗೆ ಎದ್ದೇಳಲು ಬಲ ಕೊಡುವ ಕೆಪಾಸಿಟರ್ ಪರೀಕ್ಷಿಸಿದೆ. ಕಂಪ್ರೆಸರ್ ಗುಂಯ್ ಎಂದು ತಿರುಗದೆ ನಿಂತರೆ ಎಲ್ಲಕ್ಕಿಂತ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಕೆಲವು ಡಾಲರ್‌ಗಳ ಆ ಡಬ್ಬಿ ಸತ್ತದ್ದಕ್ಕೆ ಇಡೀ ಎ.ಸಿ. ಕಿತ್ತೆಸೆದವರಿದ್ದಾರೆ. ನಮ್ಮದರ ಸಾಮರ್ಥ್ಯವೂ ಅದರ ಮೇಲೆ ಬರೆದಿದ್ದಕ್ಕಿಂತ ಬಹಳ ಕೆಳಗಿತ್ತು. ಬದಲಾಯಿಸಿದೆ, ಯಂತ್ರ ತಿರುಗಿತು. ಆದರೆ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದರೆ ತಗಡಿನ ಮೇಲೆ ನಮೂದಿಸಿದ್ದಕ್ಕಿಂತ ಹೆಚ್ಚು ಆಂಪಿಯರ್ ಎಳೆಯುತ್ತಿತ್ತು, ಸ್ವಲ್ಪ ಹೊತ್ತಿಗೆ ಕಾದು ತಾನೇ ನಿಲ್ಲುತ್ತಿತ್ತು. ಹಿಂದಿನದರ ಕವರ್ ತೆಗೆದರೆ ಕಾಯಿಲ್‌ನ ಅಲ್ಯೂಮಿನಿಯಂ ರೆಕ್ಕೆಗಳು ಬ್ರಷ್ ತಾಗಿದರೆ ಪುಡಿಯಾಗಿ ಉದುರುತ್ತಿದ್ದವು. ಎರಡರ ಆಯಸ್ಸೂ ಮುಗಿದಿತ್ತು.

"ಗ್ಯಾಸ್ ತುಂಬಿಸಿದರೆ ಆಗುವುದಿಲ್ಲವೇನೋ?" ಎಂದು ಅಪ್ಪ ಕೇಳಿದರು. ಊರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಈ ಚಾವಣಿಯ ಎ.ಸಿ.ಗಳನ್ನು ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಗ್ಯಾಸ್ ತುಂಬಲು ವಾಲ್ವ್ ಇರುವುದಿಲ್ಲ. ನಮ್ಮ ಹಳೆಯವುಗಳಲ್ಲಿದ್ದದ್ದು ಆರ್-22. ಓಝೋನ್ ಪದರಕ್ಕೆ ಹಾನಿ ಮಾಡುವ ಆ ಗ್ಯಾಸ್‌ನ ಹೊಸ ಉತ್ಪಾದನೆ ಮತ್ತು ಆಮದನ್ನು ಅಮೆರಿಕ 2020ರ ಜನವರಿಯಿಂದ ನಿಲ್ಲಿಸಿದೆ. ವಾಹನವನ್ನೇ ಮಾರಿಬಿಡಿ ಎಂದು ಸಲಹೆ ಕೊಟ್ಟವರೂ ಇದ್ದರು. ಎಂಜಿನ್ ಚೆನ್ನಾಗಿದೆ, ಗೇರ್ ಚೆನ್ನಾಗಿದೆ, ಅಮ್ಮನಿಗೆ ಅದರೊಳಗಿನ ಪುಟ್ಟ ಅಡುಗೆಮನೆ ಇಷ್ಟ. ಎರಡು ಎ.ಸಿ.ಗಾಗಿ ಅಂಥ ವಾಹನವನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಹೊಸದನ್ನು ಆರಿಸುವಾಗ ಎಲ್ಲೆಡೆ ದೊಡ್ಡದನ್ನೇ ಹಾಕಿ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ವಾಹನದ್ದು 50 ಆಂಪಿಯರ್ ಸಂಪರ್ಕ: 120 ವೋಲ್ಟ್‌ನ ಎರಡು ಪ್ರತ್ಯೇಕ ಸಾಲು, ಒಂದೊಂದು ಎ.ಸಿ. ಒಂದೊಂದು ಸಾಲಿನಲ್ಲಿ. ಆದರೆ ಇಂಥ ವಾಹನಗಳು ತಂಗುವ ಹಳೆಯ ಕ್ಯಾಂಪ್‌ಗಳಲ್ಲಿ ಸಿಗುವುದು ಅನೇಕ ಸಲ 30 ಆಂಪಿಯರ್ ಮಾತ್ರ, ಅಂದರೆ ಒಟ್ಟು 3,600 ವ್ಯಾಟ್. ಅಲ್ಲಿ ಒಂದು ಎ.ಸಿ. ನಡೆಯುವಾಗ ಮೈಕ್ರೋವೇವ್ ಹಚ್ಚಿದರೂ ಬ್ರೇಕರ್ ಬೀಳುವ ಹಂತಕ್ಕೆ ಬರುತ್ತದೆ. ಜೊತೆಗೆ ಫ್ಲಾಗ್‌ಸ್ಟಾಫ್‌ನಂಥ 2,100 ಮೀಟರ್ ಎತ್ತರದ ಊರಿನ ತೆಳು ಗಾಳಿಯಲ್ಲಿ ಜನರೇಟರ್‌ನ ಬಲವೂ ಕುಗ್ಗುತ್ತದೆ. ಹಾಗಾಗಿ ದೊಡ್ಡ ಗಾಜಿರುವ ಮುಂಭಾಗಕ್ಕೆ 15,000 ಬಿ.ಟಿ.ಯು., ಹಿಂದಿನ ಸಣ್ಣ ಕೋಣೆಗೆ ಮೊದಲಿನಂತೆ 13,500 ಆರಿಸಿದೆ. ಎರಡಕ್ಕೂ ಸಾಫ್ಟ್ ಸ್ಟಾರ್ಟರ್ ಹಾಕಿಸಿದೆ. ಕಂಪ್ರೆಸರ್ ಎದ್ದೇಳುವ ಕ್ಷಣದಲ್ಲಿ ನಡೆಯುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ಆ ಜಿಗಿತವನ್ನು ಇದು ತಗ್ಗಿಸುತ್ತದೆ. ಕೋಣೆಯ ತಾಪ ನೋಡಿ ಎ.ಸಿ.ಯನ್ನು ಓಡಿಸುವ, ನಿಲ್ಲಿಸುವ ಥರ್ಮೋಸ್ಟಾಟ್ ವಿಷಯದಲ್ಲಿ ಒಂದೇ ಮಾತು: ಹಳೆಯದನ್ನು ಉಳಿಸಿಕೊಳ್ಳುವುದಾದರೆ ಹೊಸ ಎ.ಸಿ. ಅದರ ಜೊತೆ ಹೊಂದುತ್ತದೆಯೇ ಎಂದು ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಮೇ ತಿಂಗಳ ಮೊದಲ ಶನಿವಾರ ಬೆಳಕು ಹರಿಯುವ ಮೊದಲೇ ವಾಹನ ನಿಲ್ಲಿಸುವ ಅಂಗಳಕ್ಕೆ ಹೋದೆವು. ನಮ್ಮ ಜೊತೆ ಹಾಸನದ ಕಡೆಯ ಗೆಳೆಯನೊಬ್ಬನಿದ್ದ. ಹತ್ತು ಗಂಟೆಯಾದರೆ ಚಾವಣಿಯ ಮೇಲೆ ಮೊಣಕಾಲು ಊರಲಾಗದು. ಒಂದೊಂದು ಎ.ಸಿ.ಯ ತೂಕ ಸುಮಾರು 45 ಕಿಲೊ. ಅದನ್ನು ಹೆಗಲ ಮೇಲಿಟ್ಟು ಏಣಿ ಹತ್ತುವವರ ಧೈರ್ಯವನ್ನು ನಾನು ಮೆಚ್ಚುವುದಿಲ್ಲ. ಕೈಯಿಂದ ಹಿಡಿ ತಿರುಗಿಸಿ ಮೇಲೇರಿಸುವ ಲಿಫ್ಟ್ ಒಂದನ್ನು ಬಾಡಿಗೆಗೆ ತಂದಿದ್ದೆ. ವಿದ್ಯುತ್ ತಂತಿ ಕಿತ್ತು, ಜನರೇಟರ್ ಆರಿಸಿ, ಕೆಪಾಸಿಟರ್‌ನಲ್ಲಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಿದ ಮೇಲೆ ಕೆಲಸ ಶುರು.

ಈ ಯಂತ್ರಗಳನ್ನು ಚಾವಣಿಗೆ ಸ್ಕ್ರೂ ಹೊಡೆದು ಕೂರಿಸುವುದಿಲ್ಲ. ಚಾವಣಿಯಲ್ಲಿ 14 ಇಂಚು ಚೌಕದ ರಂಧ್ರವಿರುತ್ತದೆ, ಅದರ ಸುತ್ತ ನೀರು ಇಳಿಯದಂತೆ ತಡೆಯುವ ದಪ್ಪ ಫೋಮ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಅದರ ಮೇಲೆ ಎ.ಸಿ. ಒಳಗಿನಿಂದ ನಾಲ್ಕು ಉದ್ದನೆಯ ಬೋಲ್ಟ್‌ಗಳು ಯಂತ್ರವನ್ನು ಕೆಳಕ್ಕೆ ಎಳೆದು ಹಿಡಿಯುತ್ತವೆ. ಮೊದಲು ಕೈ ಹಾಕಿದ್ದು ಮುಂದಿನ ಎ.ಸಿ.ಗೆ. ಬೋಲ್ಟ್ ಬಿಚ್ಚಿದರೂ ಅದು ಅಲ್ಲಾಡಲಿಲ್ಲ, ಗ್ಯಾಸ್ಕೆಟ್ ಹಂಚಿಗೆ ಹತ್ತಿದ ರೊಟ್ಟಿಯಂತೆ ಅಂಟಿಕೊಂಡಿತ್ತು. ಚಾವಣಿಯ ರಬ್ಬರ್ ಹರಿಯಬಾರದೆಂದು ಪ್ಲಾಸ್ಟಿಕ್ ಪಟ್ಟಿಯಿಂದಲೇ ಬಿಡಿಸಿದೆವು. ಅದಕ್ಕೆ ಬಹಳ ಹೊತ್ತು ಹಿಡಿಯಿತು.

ರಂಧ್ರ ತೆರೆದುಕೊಂಡಾಗ ಅಪ್ಪ ಕೆಳಗಿನಿಂದ ಟಾರ್ಚ್ ಹಿಡಿದು ಸುತ್ತಲಿನ ಮರದ ಚೌಕಟ್ಟನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತುತ್ತಾ ಬಂದರು. ಬಸ್ ಬಾಡಿ ರಿಪೇರಿಯವರ ಕೈ ಅದು. ಆ ರಂಧ್ರದ ಹಿಂಬದಿಯ ಎಡ ಮೂಲೆಯಲ್ಲಿ ಮರ ಕಪ್ಪಾಗಿ ಮೆತ್ತಗಾಗಿತ್ತು. "ನೀರು ಇಳಿಯುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಒಳಗೆ ಕಲೆ ಕಾಣಲಿಲ್ಲವೆಂದು ಸುಮ್ಮನಿರಬಾರದು" ಎಂದರು. ಬೋಲ್ಟ್ ಬಿಗಿದಾಗ ಒತ್ತಡವನ್ನೆಲ್ಲ ತಡೆಯುವುದು ಆ ಚೌಕಟ್ಟೇ. ಅದು ಕೊಳೆತಿದ್ದರೆ ಚಾವಣಿ ಕುಸಿಯುತ್ತದೆ, ಕುಸಿದಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಮತ್ತೆ ಮರವನ್ನು ತಿನ್ನುತ್ತದೆ. ಮೆತ್ತಗಿದ್ದ ಭಾಗವನ್ನು ಕತ್ತರಿಸಿ ತೆಗೆದು ಹೊಸ ಮರ ಕೂರಿಸಿದೆವು. ಆ ದಿನ ಹಿಂದಿನ ಎ.ಸಿ.ಯ ಕೆಲಸವನ್ನು ಮುಂದಕ್ಕೆ ಹಾಕಬೇಕಾಯಿತು. ಹಾಕಿದ್ದಕ್ಕೆ ನನಗೆ ಸಮಾಧಾನವೇ ಇದೆ.

ಹೊಸ ಯಂತ್ರವನ್ನು ಚಾವಣಿಯ ಮೇಲೆ ಎಳೆದಾಡಬಾರದು. ಎಳೆದರೆ ಅಡಿಯ ಗ್ಯಾಸ್ಕೆಟ್ ಹರಿಯುತ್ತದೆ. ಇಬ್ಬರು ಎತ್ತಿ ನೇರವಾಗಿ ಇಳಿಸಿದೆವು. ಗೆಳೆಯ ಅಂಟು ಹಚ್ಚಲು ಟ್ಯೂಬ್ ತೆರೆದಿದ್ದ, ಅಪ್ಪ ತಡೆದರು. ತಯಾರಕರ ಸೂಚನೆಯೂ ಅದೇ: ಗ್ಯಾಸ್ಕೆಟ್‌ಗೆ ಅಂಟು ಬೇಡ. ನಾಲ್ಕೂ ಬೋಲ್ಟ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ, ಗ್ಯಾಸ್ಕೆಟ್ ಮೊದಲಿನ ದಪ್ಪದ ಅರ್ಧಕ್ಕೆ ಬಂದಾಗ ನಿಲ್ಲಿಸಿದೆವು.

ಇನ್ನು ಒಳಗಿನ ಅರ್ಧ. ಸೀಲಿಂಗ್‌ನ ಪೆಟ್ಟಿಗೆಯಲ್ಲಿ ಕೋಣೆಯ ಬಿಸಿ ಗಾಳಿ ಮೇಲೇರುವ ದಾರಿ ಮತ್ತು ತಂಪು ಗಾಳಿ ಡಕ್ಟ್‌ಗಳಿಗೆ (ಅದನ್ನು ಕೋಣೆಗೆ ಒಯ್ಯುವ ಕೊಳವೆಗಳಿಗೆ) ಹೋಗುವ ದಾರಿ ಅಕ್ಕಪಕ್ಕದಲ್ಲಿವೆ. ನಡುವೆ ಒಂದು ತೆಳು ಅಡ್ಡಗೋಡೆ. ವಾಹನ ಹುಟ್ಟಿದಾಗ ಹಚ್ಚಿದ ಬಟ್ಟೆಯ ಟೇಪ್ ಒಣಗಿ ಜೋತುಬಿದ್ದಿತ್ತು, ಅಡ್ಡಗೋಡೆಯ ಎರಡೂ ಬದಿಯಲ್ಲಿ ಬೆರಳು ತೂರುವಷ್ಟು ಸಂದು. ಅಪ್ಪ ಅಮ್ಮನ ಕೈಚೀಲದಿಂದ ಊದುಬತ್ತಿ ತಂದು ಹಚ್ಚಿ, ಫ್ಯಾನ್ ಮಾತ್ರ ಓಡಿಸಲು ಹೇಳಿ, ಸಂದಿನ ಹತ್ತಿರ ಹಿಡಿದರು. ಡಕ್ಟ್‌ಗೆ ಹೋಗಬೇಕಾದ ಗಾಳಿ ಸಂದಿನಿಂದ ನುಗ್ಗಿ ಹೊಗೆಯನ್ನು ಪಕ್ಕದ ದಾರಿಗೆ ತಳ್ಳಿತು, ಅಲ್ಲಿಂದ ಅದು ನೇರ ಮೇಲಕ್ಕೆ ಹೋಯಿತು. ಇನ್ನೊಂದು ಮೂಲೆಯಲ್ಲಿ ಹೊಗೆ ಚಾವಣಿಯ ಪೊಳ್ಳಿನೊಳಕ್ಕೇ ಹೋಗಿ ಮಾಯವಾಯಿತು. ಇಷ್ಟು ವರ್ಷ ಯಂತ್ರ ತಯಾರಿಸಿದ ತಂಪಿನಲ್ಲಿ ಒಂದು ಪಾಲು ಕೋಣೆಗೆ ಬರದೆ ಮತ್ತೆ ಯಂತ್ರಕ್ಕೇ ಮರಳುತ್ತಿತ್ತು, ಒಂದು ಪಾಲು ಚಾವಣಿಯ ಮರವನ್ನು ತಂಪು ಮಾಡುತ್ತಿತ್ತು. ಥರ್ಮೋಸ್ಟಾಟ್ ಯಂತ್ರವನ್ನು ನಿಲ್ಲಿಸುವಷ್ಟು ಕೋಣೆ ತಣಿಯುವುದೇ ಇಲ್ಲ, ಕಂಪ್ರೆಸರ್‌ಗೆ ವಿಶ್ರಾಂತಿಯೂ ಇಲ್ಲ. ಆ ಹಳೆಯ ಕಂಪ್ರೆಸರ್ ಬೇಗ ಸೋತದ್ದಕ್ಕೆ ಇದೂ ಒಂದು ಕಾರಣವಿರಬೇಕೆಂದು ನಾನು ನಂಬುತ್ತೇನೆ.

ಅಲ್ಯೂಮಿನಿಯಂ ಫಾಯಿಲ್ ಟೇಪ್‌ನಿಂದ ಒಂದೊಂದೇ ಸಂದನ್ನು ಮುಚ್ಚಿದೆವು. ತಲೆ ಮೇಲೆತ್ತಿ, ಕೈ ಮೇಲೆತ್ತಿ ಮಾಡುವ ಕೆಲಸ, ಕುತ್ತಿಗೆ ಹಿಡಿದುಕೊಂಡಿತು. ದುಡ್ಡು ಕೊಟ್ಟು ಮಾಡಿಸಿಕೊಳ್ಳುವವರು ಈ ಹಂತದಲ್ಲಿ ಪಕ್ಕದಲ್ಲೇ ನಿಂತಿರಬೇಕೆಂದು ನನ್ನ ಕಳಕಳಿಯ ಮಾತು. ಕವರ್ ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ, ಆದ್ದರಿಂದ ಬಿಟ್ಟುಹೋಗುವುದೂ ಇದೇ. ಎಲ್ಲ ಮುಗಿಸಿ ಎ.ಸಿ. ಹಚ್ಚಿ, ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ ಥರ್ಮಾಮೀಟರ್ ಹಿಡಿದೆ. ವ್ಯತ್ಯಾಸ 20 ಡಿಗ್ರಿ ಫ್ಯಾರನ್‌ಹೀಟ್, ಸುಮಾರು 11 ಡಿಗ್ರಿ ಸೆಲ್ಸಿಯಸ್. ಆರೋಗ್ಯವಾಗಿರುವ ಎ.ಸಿ.ಯಲ್ಲಿ ಇರಬೇಕಾದದ್ದೇ ಅಷ್ಟು. ಅಮ್ಮ ಒಳಗೆ ಬಂದು ಸೋಫಾದಲ್ಲಿ ಕುಳಿತು, ಸ್ವಲ್ಪ ಹೊತ್ತಿಗೆ ಶಾಲು ಕೇಳಿದರು. ಅಪ್ಪನ ಮುಖ ಅರಳಿತು.

ಮಲಗುವ ಕೋಣೆಯ ಎ.ಸಿ.ಯನ್ನು ಮರುವಾರ ಕೂರಿಸಿದೆವು; ಅಲ್ಲಿ ಮರ ಗಟ್ಟಿಯಾಗಿತ್ತು, ಸಂದುಗಳು ಮಾತ್ರ ಮುಂಭಾಗಕ್ಕಿಂತ ಹೆಚ್ಚಿದ್ದವು. ಹಳೆಯ ಯಂತ್ರಗಳನ್ನು ಗುಜರಿಗೆ ಕೊಡುವಾಗ ಒಳಗಿನ ಆರ್-22 ಅನ್ನು ಹೊರತೆಗೆದು ಹಿಡಿದಿಡಬೇಕೆಂಬ ನಿಯಮವಿದೆ. ಗಾಳಿಗೆ ಬಿಡುವುದು ಕಾನೂನಿಗೆ ವಿರುದ್ಧ. ಅದಕ್ಕೆ ಸಲಕರಣೆ ಇರುವ ಗುಜರಿಯವರನ್ನೇ ಹುಡುಕಿ ಕೊಟ್ಟುಬಂದೆವು.

ಅಪ್ಪ ಅಮ್ಮನನ್ನು ಕರೆದುಕೊಂಡು ಫ್ಲಾಗ್‌ಸ್ಟಾಫ್ ದಾರಿಯಾಗಿ ಗ್ರ್ಯಾಂಡ್ ಕ್ಯಾನ್ಯನ್ ನೋಡಿಬಂದ ಮೇಲೆ ಎರಡೂ ಎ.ಸಿ.ಗಳ ಬೋಲ್ಟ್‌ಗಳನ್ನು ಮತ್ತೆ ಪರೀಕ್ಷಿಸಿದೆ. ಹೊಸ ಗ್ಯಾಸ್ಕೆಟ್ ದಾರಿಯ ಕುಲುಕಾಟಕ್ಕೆ ಇನ್ನಷ್ಟು ಕುಳಿತುಕೊಳ್ಳುತ್ತದೆ. ಎರಡು ಬೋಲ್ಟ್ ಸಡಿಲವಾಗಿದ್ದವು, ಬಿಗಿದೆ. ಊರಿಗೆ ಮರಳಿದ ಮೇಲೂ ಅಪ್ಪ ಫೋನಿನಲ್ಲಿ ಆರೋಗ್ಯ ವಿಚಾರಿಸಿದ ಕೂಡಲೇ ಕೇಳುವುದು ಚಾವಣಿಯ ಆ ಎಡ ಮೂಲೆಯನ್ನು. ಜುಲೈನಲ್ಲಿ ಇಲ್ಲಿ ಮಾನ್ಸೂನ್ ಮಳೆ ಸುರಿದಾಗ ಒಳಗಿನಿಂದ ಮುಟ್ಟಿ ನೋಡಿದ್ದೇನೆ. ಮರ ಒಣಗಿದೆ.