ಅವಳ ಹೆಸರಿಲ್ಲದ ಹಾಡು

ಜಾಯ್ ಡಿವಿಷನ್ ಎಂಬ ಇಂಗ್ಲೆಂಡಿನ ಪೋಸ್ಟ್-ಪಂಕ್ ರಾಕ್ ತಂಡದ 'ಶೀಸ್ ಲಾಸ್ಟ್ ಕಂಟ್ರೋಲ್' (ಅವಳು ಹಿಡಿತ ಕಳೆದುಕೊಂಡಿದ್ದಾಳೆ) ಹಾಡು ಹಾಕಿದರೆ ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಸಂಜೆ ಹೊತ್ತಲ್ಲಿ ಅದೇನೇ ಅದು, ನಿಲ್ಸು." ಇಷ್ಟು ಕತ್ತಲೆಯ ಹಾಡು ಯಾಕೆ ನಿನಗೆ ಇಷ್ಟ ಅಂತ ಗೆಳತಿಯರೂ ಕೇಳುತ್ತಾರೆ. ಅದಕ್ಕೆ ಉತ್ತರ ಒಂದು ಬಸ್ಸಿನಲ್ಲಿದೆ.

ನನ್ನ ತಂಗಿಗೆ ಹೈಸ್ಕೂಲಿನಿಂದ ಫಿಟ್ಸ್. ಒಂದು ಭಾನುವಾರ ಇಬ್ಬರೂ ಬಂಗಾರಪೇಟೆಯ ಪಾನಿಪೂರಿ ತಿನ್ನಲು ಕೋಲಾರದಿಂದ ಪ್ರೈವೇಟ್ ಬಸ್ ಹತ್ತಿದ್ದೆವು. ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು, ಮಾತಾಡುತ್ತಿದ್ದವಳು ಸುಮ್ಮನಾದಳು. ಕತ್ತು ಒಂದು ಕಡೆಗೆ ತಿರುಗಿತು, ಕೈಕಾಲು ಸೆಟೆದುಕೊಂಡು ಅದುರತೊಡಗಿದವು. ಕಂಡಕ್ಟರ್ ಬಸ್ ನಿಲ್ಲಿಸಿದರು. ಸೀಟುಗಳ ಮಧ್ಯೆ ಮಲಗಿಸಿ, ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ನನ್ನ ದುಪಟ್ಟಾ ಮಡಚಿಟ್ಟೆ. ಸುತ್ತ ಒಂದೇ ಗಲಾಟೆ. "ಕಬ್ಬಿಣ ಕೊಡ್ರೀ ಕೈಗೆ!" "ಈರುಳ್ಳಿ ಮೂಸ್ಸಿ!" "ಮದ್ವೆ ಆಗಿಲ್ವಾ ಇನ್ನೂ, ಪಾಪ." ಯಾರೋ ಬೀಗದ ಕೈಗೊಂಚಲನ್ನು ಅವಳ ಮುಷ್ಟಿಗೆ ತುರುಕಲು ಬಂದರು. ಕೀಲಿಯಿಂದ ಫಿಟ್ಸ್ ನಿಲ್ಲುವುದಿಲ್ಲ. ಗಟ್ಟಿಯಾಗಿ ಹಿಡಿದುಕೊಳ್ಳಬಾರದು, ಬಾಯಿಗೆ ಏನೂ ಹಾಕಬಾರದು, ಗಡಿಯಾರ ನೋಡುತ್ತಿರಬೇಕು, 5 ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು. ನಾನು ವಾಚಿನ ಮುಳ್ಳನ್ನೇ ನೋಡುತ್ತಿದ್ದೆ. ಅಷ್ಟೂ ಜನರಲ್ಲಿ ಒಬ್ಬ ಅಜ್ಜಿ ಮಾತ್ರ ಏನೂ ಹೇಳದೆ ಪಕ್ಕದಲ್ಲಿ ಕೂತು ಅವಳ ಲಂಗವನ್ನು ಕಾಲಿನ ತನಕ ಎಳೆದು ಸರಿಮಾಡಿದರು. ಆಮೇಲೆ ತಂಗಿ ಕಣ್ಣು ಬಿಟ್ಟು, "ಅಕ್ಕ, ಬಸ್ ಯಾಕೆ ನಿಂತೈತೆ?" ಅಂದಳು.

ಈ ಹಾಡು ಕಿವಿಗೆ ಬಿದ್ದದ್ದು ಅದಾದ ಮೇಲೆ, ಬೆಂಗಳೂರಿನ ಪಿಜಿಯಲ್ಲಿದ್ದಾಗ. ಮೊದಲು ಹಿಡಿದದ್ದು ಡ್ರಮ್. ಎಲ್ಲೂ ಏರದೆ, ಎಲ್ಲೂ ಅಳದೆ, ಸೆಕೆಂಡಿನ ಮುಳ್ಳಿನಂತೆ ನಡೆಯುತ್ತದೆ. ನಡುವೆ ಚುಸ್, ಚುಸ್ ಎಂಬ ಸದ್ದು. ನಿರ್ಮಾಪಕ ಮಾರ್ಟಿನ್ ಹ್ಯಾನೆಟ್, ಡ್ರಮ್ಮರ್ ಸ್ಟೀಫನ್ ಮಾರಿಸ್ ಕೈಗೆ ಸ್ಪ್ರೇ ಡಬ್ಬಿ ಕೊಟ್ಟು ತಾಳಕ್ಕೆ ಸರಿಯಾಗಿ ಒತ್ತಿಸಿದ್ದು. ಮೇಲೆ ಪೀಟರ್ ಹುಕ್‌ನ ಬೇಸ್ ಗಿಟಾರ್, ಬೇಸ್ ಎಂದರೆ ನಂಬಲಾಗದಷ್ಟು ಎತ್ತರದ ಸ್ವರದಲ್ಲಿ.

ಹಾಡಿನ ಹಿನ್ನೆಲೆ ತಿಳಿದ ರಾತ್ರಿ ನಿದ್ದೆ ಬರಲಿಲ್ಲ. ಗಾಯಕ ಇಯಾನ್ ಕರ್ಟಿಸ್ ಮ್ಯಾಕಲ್ಸ್‌ಫೀಲ್ಡ್‌ನ ಉದ್ಯೋಗ ವಿನಿಮಯ ಕಚೇರಿಯಲ್ಲಿ ಅಂಗವಿಕಲರಿಗೆ ಕೆಲಸ ಹುಡುಕಿಕೊಡುತ್ತಿದ್ದ. ಅಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗಿಗೆ ಮೂರ್ಛೆ ರೋಗ. ಒಮ್ಮೆ ಬರುವುದನ್ನು ನಿಲ್ಲಿಸಿದಳು. ಎಲ್ಲೋ ಕೆಲಸ ಸಿಕ್ಕಿರಬೇಕು ಅಂದುಕೊಂಡ. ಫಿಟ್ಸ್ ಬಂದು ತೀರಿಕೊಂಡಿದ್ದಳು. ಹಾಡಿನಲ್ಲಿರುವ 'ಅವಳು' ಈ ಹುಡುಗಿಯೇ. 1979ರ ಜನವರಿಯಲ್ಲಿ ಅವನಿಗೂ ಅದೇ ಕಾಯಿಲೆ ಇದೆ ಅಂತ ಗೊತ್ತಾಯಿತು; ಜೂನ್‌ನಲ್ಲಿ ಈ ಹಾಡಿದ್ದ 'ಅನ್‌ನೋನ್ ಪ್ಲೆಷರ್ಸ್' ಆಲ್ಬಂ ಬಂತು. ವೇದಿಕೆಯ ಮೇಲೇ ಅವನಿಗೆ ಫಿಟ್ಸ್ ಬಂದದ್ದುಂಟು, ಅದೂ ಕುಣಿತವೇ ಅಂತ ಜನ ನೋಡುತ್ತ ನಿಂತದ್ದುಂಟು. 1980ರ ಮೇ 18ರಂದು, 23ನೇ ವಯಸ್ಸಿಗೆ, ತನ್ನ ಕೈಯಾರೆ ಜೀವ ಕಳೆದುಕೊಂಡ.

ಪಾಪ ಅನ್ನುವ ಹಾಡು ಬರೆಯುವುದು ಸುಲಭ. ಇದರಲ್ಲಿ ಪಾಪ ಇಲ್ಲ. ಆ ಹುಡುಗಿಯಿಂದ ಕಣ್ಣು ಕೀಳದೆ ಪಕ್ಕದಲ್ಲೇ ಇರುವ ಒಂದು ದನಿ ಇದೆ. ಬಸ್ಸಿನ ಅಜ್ಜಿ ಇದ್ದದ್ದೂ ಹಾಗೆಯೇ. ಅವತ್ತು ಆ ಗಲಾಟೆಯಲ್ಲಿ ನನಗೆ ಬೇಕಾಗಿದ್ದದ್ದೂ ಅಷ್ಟೇ.

ಹೋದ ದೀಪಾವಳಿಗೆ ಊರಿಗೆ ಹೋದಾಗ ತಂಗಿಗೆ ಕೇಳಿಸಿದೆ, ಕತೆಯನ್ನೂ ಹೇಳಿದೆ. ಇಯರ್‌ಫೋನ್ ತೆಗೆದವಳು ಸ್ವಲ್ಪ ಸಿಟ್ಟಿನಲ್ಲೇ, "ಆ ಹುಡುಗಿ ಹೆಸರು ಹಾಕ್ಬೇಕಿತ್ತು ಅಕ್ಕ" ಅಂದಳು. ನಾನು ಹಾಡಿನ ಪರವಾಗಿ ವಾದಿಸಲು ಹೊರಟೆ, ಹೆಸರಿಲ್ಲದ್ದರಿಂದಲೇ ಅದು ನಿನ್ನ ಹಾಡೂ ಆಗುತ್ತೆ ಅಂದೆ. "ನಂದಾದ್ರೆ ನನ್ ಹೆಸರು ಹಾಕು" ಅಂದಳು. ಈಗ ನನ್ನ ಫೋನಿನಲ್ಲಿ ಆ ಹಾಡು ಅವಳ ಹೆಸರಲ್ಲೇ ಇದೆ.