ಎರೆಮಣ್ಣಿನ ಹಿತ್ತಲು, ಹಸಿರು ಟರ್ಫ್: ಕೊನೆಗೂ ನೀರಿಗೆ ದಾರಿ ಸಿಕ್ಕಿತು

ನೀರು ಇಳಿಯಿತು! ಹಿತ್ತಲಿಗೆ ಟರ್ಫ್, ಅಂದರೆ ಕೃತಕ ಹುಲ್ಲು, ಹಾಸಲು ಕೆಳಗೆ ಖಡಿ (ಜಲ್ಲಿಕಲ್ಲು) ತುಂಬಿದ್ದೇನೆ. ಆರಿದ್ರಾ ಮಳೆ ಜೋರಾಗಿ ಹೊಡೆದ ರಾತ್ರಿ ಖಡಿಯೊಳಗೆ ಮೂರು ಇಂಚು ನೀರಿತ್ತು. ಬೆಳಗ್ಗೆ, ನೀರಿನ ಮಟ್ಟ ನೋಡಲು ನಿಲ್ಲಿಸಿದ ಇಣುಕು ಪೈಪಿಗೆ ಕೋಲು ಇಳಿಸಿದರೆ ತುದಿಯಷ್ಟೇ ಒದ್ದೆ. ಹುಬ್ಬಳ್ಳಿಯ ಎರೆಮಣ್ಣಿನಲ್ಲಿ, ಅಂದರೆ ಕಪ್ಪು ಜಿಗುಟು ಮಣ್ಣಿನಲ್ಲಿ, ಇದು ಹಬ್ಬ ಮಾಡುವಂಥ ಸಂಗತಿ.

ಮಣ್ಣು ತೆಗೆದದ್ದು, ಅಂಚುಕಲ್ಲು ಕೂರಿಸಿದ್ದು, ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟಿದ್ದು ನಿಮಗೆಲ್ಲ ಗೊತ್ತಿರುವ ಕೆಲಸವೇ. ಅದನ್ನು ಬಿಡೋಣ. ಹಿತ್ತಲು 20 ಅಡಿಗೆ 30 ಅಡಿ. ಕೆಳಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಮೇಲೆ ನಾಲ್ಕು ಇಂಚು 20 ಎಂಎಂ ಖಡಿ, ಅದರ ಮೇಲೆ ಒಂದು ಇಂಚು ಸಣ್ಣ ಚಿಪ್ಸ್. ತಗ್ಗಿನ ಅಂಚಿನುದ್ದಕ್ಕೂ ತೂತಿನ ಪೈಪು. ಟರ್ಫ್ ಹಾಸುವ ಮೊದಲು ಒಂದೆರಡು ದೊಡ್ಡ ಮಳೆ ನೋಡಲೇಬೇಕು ಅಂತ ಹಾಗೆಯೇ ಬಿಟ್ಟಿದ್ದೆ.

ಮೃಗಶಿರಾ ಮಳೆಗೆ ಖಡಿ ತುಂಬಿತು. ಆಮೇಲೆ ಖಾಲಿ ಆಗಲೇ ಇಲ್ಲ.

ಲೆಕ್ಕ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಹಿತ್ತಲು ಸುಮಾರು 56 ಚದರ ಮೀಟರ್. 10 ಎಂಎಂ ಮಳೆಗೆ 560 ಲೀಟರ್ ಆಯಿತು. ತೊಳೆದ ಖಡಿಯಲ್ಲಿ ನೂರಕ್ಕೆ ಹೆಚ್ಚುಕಡಿಮೆ 40 ಭಾಗ ಖಾಲಿ ಜಾಗ ಇರುತ್ತದೆ. ಅಂದರೆ ನಾಲ್ಕು ಇಂಚು ಖಡಿ 40 ಎಂಎಂ ಮಳೆಯನ್ನು ಹಿಡಿದುಕೊಳ್ಳುತ್ತದೆ. ಹಿಡಿಯುವುದು ಕಷ್ಟವಲ್ಲ, ಖಾಲಿ ಮಾಡುವುದು ಕಷ್ಟ. ಎರೆಮಣ್ಣಿನಲ್ಲಿ ಗುಂಡಿ ತೆಗೆದು ಖಡಿ ತುಂಬಿದರೆ ಅದು ನೀರು ತುಂಬಿದ ಬೋಗುಣಿಯೇ. ಟರ್ಫಿನ ಬೆನ್ನಿಗೆ ಎಷ್ಟು ತೂತಿದ್ದರೂ ಬೋಗುಣಿಯ ತಳಕ್ಕೆ ತೂತಿಲ್ಲ. ನಿಂತ ನೀರಿಗೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಹಾಸು ಸುಕ್ಕಾಗುತ್ತದೆ, ಜೋಡಣೆ ಬಾಯಿ ಬಿಡುತ್ತದೆ.

ಟರ್ಫ್ ಅಂಗಡಿಯವರು ಏನಂದರು ಗೊತ್ತಾ? "ಸರ್, ಮಣ್ಣಿನ ಮ್ಯಾಲೆ ಹಾಸಿಬಿಡ್ರಿ. ತೂತು ಅದಾವಲ್ಲ, ನೀರು ತಾನ ಹೊಕ್ಕೈತಿ." ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಉತ್ತರವಿಲ್ಲ. ಕಳೆ ಬರದಿರಲಿ ಅಂತ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನೂ ತೋರಿಸಿದರು. ಅದು ಕಳೆಯ ಜೊತೆ ನೀರನ್ನೂ ತಡೆಯುತ್ತದೆ. ಯಾರೂ ಕೊಳ್ಳಬೇಡಿ.

ಖಡಿ ಕೊಟ್ಟವರದು ಇನ್ನೊಂದು ಗೋಳು. ತೊಳೆದದ್ದೇ ಬೇಕು ಅಂತ ಹೇಳಿ ಹಣ ಕೊಟ್ಟರೂ ಅರ್ಧ ಪುಡಿಯೇ ಬಂತು. ಪುಡಿ ಕೆಳಗಿಳಿದು ಬಟ್ಟೆಯ ಮೇಲೆ ಕೆಸರಾಗಿ ಕೂರುತ್ತದೆ, ಆಮೇಲೆ ಬಟ್ಟೆ ಇದ್ದೂ ಇಲ್ಲದ ಹಾಗೆ. ಒಂದು ಹಿಡಿ ಖಡಿಯನ್ನು ಬಕೆಟ್ ನೀರಿನಲ್ಲಿ ಕಲಕಿ. ತಳ ಕಾಣದಷ್ಟು ಬಗ್ಗಡವಾದರೆ ಲಾರಿ ಇಳಿಸಿಕೊಳ್ಳಲೇಬೇಡಿ. ನಾನು ವಾಪಸ್ ಕಳಿಸಿದೆ.

ಸರಿ, ಪೈಪಿನ ನೀರನ್ನು ಗಟಾರಕ್ಕೆ ಬಿಡಬಹುದಲ್ವಾ? ಆಗುವುದಿಲ್ಲ. ಸೈಟು ಹಿಂದಕ್ಕೆ ಇಳಿದಿದೆ, ಗಟಾರ ಮುಂದಿದೆ. ಲೆವೆಲ್ ಪೈಪ್ ಹಿಡಿದು ನೋಡಿದರೆ ಗಟಾರದ ತಳವೇ ನಮ್ಮ ಪೈಪಿನ ಬಾಯಿಗಿಂತ ಅರ್ಧ ಅಡಿ ಮೇಲಿದೆ. ಸಂಪು ಕಟ್ಟಿ ಪಂಪ್ ಇಡಿ ಅಂದರು ಕೆಲವರು. ಜೋರು ಮಳೆ ಬಂದಾಗಲೇ ಕರೆಂಟ್ ಹೋಗುವ ಊರು ನಮ್ಮದು. ಸುಣ್ಣ ಬೆರೆಸುವ ಉಪಾಯವೂ ಬಂತು. ರಸ್ತೆ ಕೆಲಸದಲ್ಲಿ ಎರೆಮಣ್ಣಿಗೆ ಸುಣ್ಣ ಬೆರೆಸುತ್ತಾರೆ, ಉಬ್ಬುವುದು ನಿಜಕ್ಕೂ ಕಡಿಮೆಯಾಗುತ್ತದೆ. ಆದರೆ ನಿಂತ ನೀರು ಹೊರಗೆ ಹೋಗಲು ಅದರಿಂದ ದಾರಿ ಆಗುವುದಿಲ್ಲ. ಇಂಗುಗುಂಡಿ? ಗೌಂಡಿ ಬಸಣ್ಣನವರು ನಕ್ಕರು. "ಎರಿ ಮಣ್ಣಾಗ ಇಂಗೂದು ಅಂದ್ರ ಮುಂದಿನ ವರ್ಷದ ಮಾತ್ರೀ."

ಇಲ್ಲೊಂದು ಎಚ್ಚರಿಕೆ. ಮೇ ತಿಂಗಳಲ್ಲಿ ಗುಂಡಿ ತೆಗೆದು ನೀರು ಸುರಿದು ಪರೀಕ್ಷಿಸಬೇಡಿ. ಆಗ ಬಿರುಕುಗಳೇ ಬಕೆಟ್‌ಗಟ್ಟಲೆ ಕುಡಿಯುತ್ತವೆ. ಮಣ್ಣು ನೆನೆದ ಮೇಲೆ ಬಿರುಕು ಮುಚ್ಚಿಕೊಳ್ಳುತ್ತದೆ. ಒಂದು ದಿನ ಪೂರ್ತಿ ನೆನೆಸಿ, ಆಮೇಲೆ ನೀರು ಎಷ್ಟು ಬೇಗ ಇಳಿಯುತ್ತದೆ ಅಂತ ಅಳೆಯಿರಿ.

ದಾರಿ ತೋರಿಸಿದ್ದು ಪಕ್ಕದ ಸೈಟು. ಅಲ್ಲಿ ಪಾಯ ಅಗೆದಾಗ ಆರಡಿಯ ಹತ್ತಿರ ಗರಸು, ಅಂದರೆ ನೀರು ಇಳಿಯುವ ಹರಳು ಮಣ್ಣು, ಕಂಡಿತ್ತು. ನಮ್ಮಲ್ಲೂ ಇರಲೇಬೇಕು ಅಂತ, ಸಸಿ ನೆಡಲು ಗುಂಡಿ ತೋಡುವ ಅರ್ಥ್ ಆಗರ್ ಬಾಡಿಗೆಗೆ ತಂದೆ. ಎಂಟು ಇಂಚಿನ ಬಿಟ್, ಉದ್ದಕ್ಕೆ ಜೋಡಿಸುವ ರಾಡು. ನಾಲ್ಕಡಿವರೆಗೂ ಕಪ್ಪು ಮಣ್ಣು ಬಿಟ್‌ಗೆ ಮೆತ್ತಿಕೊಂಡು ಪ್ರಾಣ ತಿಂದಿತು. ಪ್ರತಿ ಸಲ ಎತ್ತಿ ಕೆರೆಯಬೇಕು. ಐದಡಿ ದಾಟಿದಾಗ ಸುಣ್ಣದ ಹರಳು ಬರತೊಡಗಿದವು. ಆಮೇಲೆ ಬಣ್ಣ ಕಂದಾಯಿತು, ಬಿಟ್ ಕರಕರ ಎಂದಿತು. ಗರಸು! ಒಂದು ಬಕೆಟ್ ನೀರು ಸುರಿದೆ. ನೋಡುತ್ತಿದ್ದಂತೆ ಗುಳುಂ.

ಗರಸಿನೊಳಗೆ ಇನ್ನೊಂದು ಅಡಿ ಹೋಗಿ, ತಳಕ್ಕೆ ಮೆತ್ತಿದ ಜಿಗುಟನ್ನು ಹಾರೆಯಿಂದ ಕೆರೆದೆ. ಬಿಟ್ ಸವರಿದ ಆ ಜಿಗುಟು ಉಳಿದರೆ ಮಾಡಿದ್ದೆಲ್ಲ ವ್ಯರ್ಥ. ಸುತ್ತ ಬಟ್ಟೆ, ಒಳಗೆ 40 ಎಂಎಂ ಖಡಿ. ತಗ್ಗಿನ ಅಂಚಿನಲ್ಲಿ ಇಂಥ ಮೂರು ಗುಂಡಿ, ಮೂರಕ್ಕೂ ಪೈಪಿನ ಸಂಪರ್ಕ. ಎಲ್ಲವನ್ನೂ ಮನೆಯ ಗೋಡೆಯಿಂದ ಆದಷ್ಟು ದೂರ ಇಟ್ಟಿದ್ದೇನೆ. ಪಾಯದ ಕೆಳಗಿನ ಎರೆಮಣ್ಣು ನೆನೆದು ಉಬ್ಬಿದರೆ ಗೋಡೆ ಬಿರುಕು ಬಿಡುತ್ತದೆ. ಬಟ್ಟೆ ಒಗೆದ ನೀರು, ಚಾವಣಿ ನೀರು ಇದಕ್ಕೆ ಸೇರಿಸುವುದಿಲ್ಲ. ಮಳೆಗಾಲದ ಕೊನೆಗೆ ಅಂತರ್ಜಲ ಗರಸಿನ ಮಟ್ಟಕ್ಕೇ ಏರುವ ಜಾಗದಲ್ಲಿ ಈ ಉಪಾಯ ನಡೆಯುವುದಿಲ್ಲ. ಅದಕ್ಕೇ ಇಣುಕು ಪೈಪನ್ನು ಶಾಶ್ವತವಾಗಿ ಉಳಿಸಿಕೊಂಡಿದ್ದೇನೆ.

ಈಗ ಬೇಲಿ ಪಕ್ಕ ತೆಗೆದ ಎರೆಮಣ್ಣು ರಾಶಿ ಬಿದ್ದಿದೆ. ಎಸೆಯಲು ಮನಸ್ಸಿಲ್ಲ. ಕ್ರಿಕೆಟ್ ಪಿಚ್ ಮಾಡುವವರಿಗೆ ಇದೇ ಮಣ್ಣು ಬೇಕು ಅಲ್ವಾ? ಎರೆಮಣ್ಣಿನ ಪಿಚ್‌ನಲ್ಲಿ ಚೆಂಡು ತುಸು ನಿಧಾನ, ಪುಟಿತ ಕಡಿಮೆ. ಕೆಂಪುಮಣ್ಣಿನದು ಬೇಗ ಒಣಗುತ್ತದೆ, ಪುಟಿತ ಜಾಸ್ತಿ. ಮಗಳು ಆಫ್ ಸ್ಪಿನ್ ಕಲಿಯುತ್ತಿದ್ದಾಳೆ. ಮನೆ ಪಕ್ಕದ ಓಣಿಯಲ್ಲಿ ಒಂದು ಚಿಕ್ಕ ಅಭ್ಯಾಸದ ಪಿಚ್, ಪದರ ಪದರವಾಗಿ ತೇವ ಮಾಡಿ ರೋಲರ್ ಎಳೆಯಬೇಕು. ಆ ಕೆಲಸ ದೀಪಾವಳಿ ಆದ ಮೇಲೆ. ಕೈಯಲ್ಲಿ ಎಳೆಯುವ ರೋಲರ್ ಬಾಡಿಗೆಗೆ ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ಹೇಳಿ.

ಅದಕ್ಕೂ ಮೊದಲು ಟರ್ಫ್. ಎರಡು ಮೀಟರ್ ಅಗಲದ ರೋಲ್‌ಗಳು ಪಡಸಾಲೆಯಲ್ಲಿ ಬಿದ್ದಿವೆ, ಮನೆಯವರು ದಾಟಿಕೊಂಡು ಓಡಾಡುತ್ತಿದ್ದಾರೆ. ಮಾವಿನ ಗಿಡದ ಬುಡವನ್ನು ಅಗಲವಾಗಿ ತೆರೆದೇ ಬಿಡುತ್ತೇನೆ, ಬೇರಿಗೂ ಮಳೆ ಬೇಕು. ಜೋಡಣೆಯ ಅಂಟು ಹಿಡಿಯಲು ಟೇಪು, ಟರ್ಫಿನ ಬೆನ್ನು ಎರಡೂ ಒಣಗಿರಬೇಕು. ಮಳೆ ಎರಡು ದಿನ ಬಿಡುವು ಕೊಟ್ಟ ಕೂಡಲೇ ಹಾಸಲು ಶುರು.