ಮೂವತ್ತೆರಡು ಶಿಲ್ಲಿಂಗ್, ಆರು ಪೆನ್ಸ್

ನಾನಿರುವ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ, ಕೋಟೆಯ ಗೋಡೆಯ ಕೆಳಗೆ, ಉಳ್ಳವರನ್ನು ದೋಚಿ ಬಡವರಿಗೆ ಹಂಚಿದನೆಂಬ ಕಥೆಯ ಕಾಡುಗಳ್ಳ ರಾಬಿನ್ ಹುಡ್ ಬಿಲ್ಲಿಗೆ ಬಾಣ ಹೂಡಿ ನಿಂತ ಕಂಚಿನ ಪ್ರತಿಮೆಯಿದೆ. 1952ರಲ್ಲಿ ಸ್ಥಾಪಿಸಿದ ಆ ಪ್ರತಿಮೆಯ ಮುಂದೆ ಊರಿನಿಂದ ಬಂದವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಈತ ನಿಜವಾಗಿಯೂ ಬದುಕಿದ್ದನೇ? ‘ಇದ್ದಿರಬಹುದು’ ಎನ್ನುವ ನನ್ನ ಉತ್ತರ ಅಕ್ಕನ ಮಗಳಿಗೆ ಸಾಲದೆ ಹೋದಾಗ, ಇತಿಹಾಸಕಾರರು ಈ ಬಗ್ಗೆ ಬರೆದದ್ದನ್ನು ಗಂಭೀರವಾಗಿ ಓದತೊಡಗಿದೆ.

ಮೊದಲು ಬಿಡಬೇಕಾಗಿ ಬಂದದ್ದು ನಾವು ಬಾಲ್ಯದಿಂದ ಕಂಡ ಚಿತ್ರವನ್ನು: ನಾಟಿಂಗ್‌ಹ್ಯಾಮ್ ಬಳಿಯ ಶೆರ್‌ವುಡ್ ಕಾಡು, ರಾಜ ರಿಚರ್ಡನ ಕಾಲ, ಕಾಡು ಸೇರಿದ ಪ್ರಭು. ಹಳೆಯ ಲಾವಣಿಗಳ ರಾಬಿನ್ ಶೆರ್‌ವುಡ್‌ಗಿಂತ ಹೆಚ್ಚಾಗಿ ಯಾರ್ಕ್‌ಷೈರಿನ ಬಾರ್ನ್ಸ್‌ಡೇಲ್‌ನವನು. ಅವುಗಳಲ್ಲಿ ಅತಿ ದೀರ್ಘವಾದುದರಲ್ಲಿ ಬರುವ ರಾಜನ ಹೆಸರು ರಿಚರ್ಡ್ ಅಲ್ಲ, ಎಡ್ವರ್ಡ್. ರಿಚರ್ಡನ ಕಾಲಕ್ಕೆ ಅವನನ್ನು ಸೇರಿಸಿದವನು 1521ರಲ್ಲಿ ಬರೆದ ಸ್ಕಾಟ್ಲೆಂಡಿನ ಇತಿಹಾಸಕಾರ ಜಾನ್ ಮೇಜರ್. ಹಂಟಿಂಗ್ಡನ್ ಪ್ರಾಂತದ ಶ್ರೀಮಂತ ಪ್ರಭು ಎಂಬ ಪದವಿ ಅದಕ್ಕೂ ತಡವಾಗಿ, 1598ರ ನಾಟಕಗಳಿಂದ ದೊರೆತದ್ದು. ಲಾವಣಿಗಳಲ್ಲಿ ಅವನು ‘ಯೋಮನ್’, ಅಂದರೆ ಪ್ರಭುವೂ ಅಲ್ಲದ, ಜೀತದಾಳೂ ಅಲ್ಲದ ಸ್ವತಂತ್ರ ಮನುಷ್ಯ.

ಇನ್ನು ದಾಖಲೆಗಳು. 1226ರ ಯಾರ್ಕ್‌ಷೈರಿನ ರಾಜಸ್ವ ಲೆಕ್ಕದ ಚರ್ಮದ ಸುರುಳಿಯಲ್ಲಿ ‘ರಾಬರ್ಟ್ ಹಾಡ್, ಪರಾರಿಯಾದವನು’ ಎಂಬ ನಮೂದಿದ್ದು, ಅವನ ಸ್ವತ್ತಿನ ಬೆಲೆ 32 ಶಿಲ್ಲಿಂಗ್ 6 ಪೆನ್ಸ್ ಎಂದು ಬರೆಯಲಾಗಿದೆ. ನ್ಯಾಯಾಲಯಕ್ಕೆ ಹಾಜರಾಗದೆ ತಲೆಮರೆಸಿಕೊಂಡವನ ಚರಾಸ್ತಿ ಜಪ್ತಿಯಾಗುತ್ತಿತ್ತು, ಆ ಹಣಕ್ಕೆ ಶೆರಿಫ್, ಅಂದರೆ ಆ ಪ್ರಾಂತದಲ್ಲಿನ ರಾಜನ ಅಧಿಕಾರಿ, ಲೆಕ್ಕ ಒಪ್ಪಿಸಬೇಕಿತ್ತು. ಆದ್ದರಿಂದಲೇ ಈ ಹೆಸರು ಉಳಿಯಿತು. ಮರುವರ್ಷದ ಸುರುಳಿಯಲ್ಲಿ ಗುಮಾಸ್ತನು ಅದೇ ಬಾಕಿಯನ್ನು ‘ಹಾಬೆಹಾಡ್’ ಎಂಬ ಹೆಸರಿನಲ್ಲಿ ಬರೆದಿದ್ದಾನೆ. ರಾಬಿನ್‌ನಂತೆ ಹಾಬ್ ಕೂಡ ರಾಬರ್ಟ್‌ನ ಸಲಿಗೆಯ ರೂಪ. ಆ ಲೆಕ್ಕದ ಹೊಣೆ ಹೊತ್ತಿದ್ದ ಯೂಸ್ಟೇಸ್ ಎಂಬ ಶೆರಿಫ್ ಕೆಲವೇ ವರ್ಷಗಳಲ್ಲಿ ನಾಟಿಂಗ್‌ಹ್ಯಾಮ್‌ಷೈರಿನ ಶೆರಿಫ್ ಆದನೆಂಬುದನ್ನು ಓದಿದಾಗ, ಕಥೆಯ ಖಳನಾಯಕನಾದ ನಾಟಿಂಗ್‌ಹ್ಯಾಮ್ ಶೆರಿಫನ ನೆರಳನ್ನು ಕಂಡಂತೆ ನನ್ನ ಮೈ ಜುಮ್ಮೆಂದಿತು.

ಹತ್ತೊಂಬತ್ತನೆಯ ಶತಮಾನದ ವಿದ್ವಾಂಸ ಜೋಸೆಫ್ ಹಂಟರ್, ಎರಡನೆಯ ಎಡ್ವರ್ಡನ ಅರಮನೆಯ ಲೆಕ್ಕದಲ್ಲಿದ್ದ ‘ರಾಬಿನ್ ಹೋಡ್’ ಎಂಬ ಸೇವಕನೇ ಕಥಾನಾಯಕನೆಂದು 1852ರಲ್ಲಿ ವಾದಿಸಿದ. ಆದರೆ ರಾಜನು 1323ರ ನವೆಂಬರಿನಲ್ಲಿ ನಾಟಿಂಗ್‌ಹ್ಯಾಮ್‌ಗೆ ಬರುವ ತಿಂಗಳುಗಳ ಮೊದಲೇ ಆ ಸೇವಕ ಸಂಬಳ ಪಡೆಯುತ್ತಿದ್ದನೆಂದು ಬಳಿಕ ತಿಳಿದುಬಂತು. ಕಾಡಿನಲ್ಲಿ ರಾಜನನ್ನು ಕಂಡು ಕ್ಷಮೆ ಪಡೆದು ಆಸ್ಥಾನ ಸೇರಿದ ಕಥೆಗೆ ಅವನು ಹೊಂದುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು 1262ರ ಒಂದು ದಾಖಲೆ. ಬರ್ಕ್‌ಷೈರಿನಲ್ಲಿ ಕಳ್ಳರ ಗುಂಪಿನವನೆಂಬ ಆರೋಪ ಹೊತ್ತು ಓಡಿಹೋದ ವಿಲಿಯಂ ಎಂಬವನ ಸ್ವತ್ತನ್ನು ಸ್ಯಾಂಡಲ್‌ಫರ್ಡ್ ಮಠದ ಮುಖ್ಯಸ್ಥರು ಅನುಮತಿಯಿಲ್ಲದೆ ವಶಪಡಿಸಿಕೊಂಡಿದ್ದರು. ಅದಕ್ಕೆ ಬಿದ್ದ ದಂಡವನ್ನು ಮನ್ನಾ ಮಾಡಿದ ದಾಖಲೆ ಅದು. ಹಿಂದಿನ ವರ್ಷದ ನ್ಯಾಯಾಲಯದ ಸುರುಳಿಯಲ್ಲಿ ಈ ವಿಲಿಯಂ ಕಮ್ಮಾರ ರಾಬರ್ಟನ ಮಗ. 1262ರ ದಾಖಲೆಯಲ್ಲಾದರೋ ಅದೇ ವ್ಯಕ್ತಿಯ ಹೆಸರು ‘ವಿಲಿಯಂ ರಾಬೆಹಾಡ್’, ಅಂದರೆ ರಾಬಿನ್ ಹುಡ್ ಎಂಬುದನ್ನೇ ಕೂಡಿಸಿ ಬರೆದಂತೆ, ಎಂದಾಗಿದೆ! ಈ ಎರಡನ್ನೂ ಜೋಡಿಸಿ ನೋಡಿದವರು ಡೇವಿಡ್ ಕ್ರುಕ್ ಎಂಬ ಇತಿಹಾಸಕಾರರು. ತಂದೆಯ ಹೆಸರು ರಾಬರ್ಟ್, ಮಗ ತಲೆಮರೆಸಿಕೊಂಡ ಕಳ್ಳ. ಇಷ್ಟು ಸಾಕಾಗಿ ಗುಮಾಸ್ತನೊಬ್ಬ ಅಡ್ಡಹೆಸರು ಅಂಟಿಸಿದ್ದಾನೆಂದರೆ, ರಾಬಿನ್ ಹುಡ್‌ನ ಕಥೆ ಆಗಲೇ ದಕ್ಷಿಣ ಇಂಗ್ಲೆಂಡಿನ ಬಾಯಿಗಳಲ್ಲಿ ಇದ್ದಿರಬೇಕು. ಮೂಲಪುರುಷನಿದ್ದರೆ ಅವನನ್ನು 1262ಕ್ಕಿಂತ ಹಿಂದೆಯೇ ಹುಡುಕಬೇಕು.

ಹಾಗಾಗಿ ಯಾರ್ಕ್‌ಷೈರಿನ ಆ ಪರಾರಿಯ ಕಡೆಗೆ ನನ್ನ ಮನಸ್ಸು ವಾಲುತ್ತದೆ, ರಾಬರ್ಟ್ ಎಂಬುದೂ ಹುಡ್ ಎಂಬುದೂ ಆ ಕಾಲದಲ್ಲಿ ಸಾಮಾನ್ಯ ಹೆಸರುಗಳಾಗಿದ್ದವೆಂಬ ಎಚ್ಚರದೊಂದಿಗೆ. ಇದನ್ನೆಲ್ಲ ಫೋನಿನಲ್ಲಿ ವಿವರಿಸಿದಾಗ ಅಕ್ಕನ ಮಗಳು ಕೇಳಿದಳು: “ಮಾಮ, ಅವನ ಮನೆಯಿಂದ ಏನೇನು ತಗೊಂಡು ಹೋದರು?” ಲೆಕ್ಕದ ಸುರುಳಿಯಲ್ಲಿ ಮೊತ್ತವಿದೆ, ಸಾಮಾನುಗಳ ಪಟ್ಟಿಯಿಲ್ಲ.